ಆಕೆ ಕೇಳಿದ ಸಮಾಧಾನ

ನನ್ನ ಕೆಲಸ ಏನೆಂದು ಶಿಡ್ಲಘಟ್ಟದಲ್ಲಿ ಯಾರಿಗೂ ಅರ್ಥವಾಗಿರಲಿಲ್ಲ. ಸೂಜಿ ಚುಚ್ಚುವುದಿಲ್ಲ, ಮಾತ್ರೆ ಕೊಡುವುದಿಲ್ಲ, ಕುರ್ಚಿ ಹಾಕಿಕೊಂಡು ಮಾತು ಕೇಳುತ್ತಾಳೆ. ‘ಮಾತಿನ ಡಾಕ್ಟ್ರಮ್ಮ’ ಅಂತ ಹೆಸರಿಟ್ಟರು. ಅರವತ್ತರ ದಶಕದ ಮಾತಿದು. ಬೆಂಗಳೂರಿನಲ್ಲಿ ಮನಶ್ಶಾಸ್ತ್ರ ಓದಿದ್ದ ನಾನು ವಾರಕ್ಕೊಂದು ದಿನ ಬಸ್ಸಿನಲ್ಲಿ ಬಂದು ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದೆ.

ಬುದ್ಧಿ ಹೇಳಬಾರದು, ಬಂದವರ ಮಾತನ್ನೇ ತಿರುಗಿಸಿ ಅವರನ್ನು ಕೇಳಬೇಕು, ದಾರಿ ಅವರೇ ಕಂಡುಕೊಳ್ಳುತ್ತಾರೆ. ನಾನು ಕಲಿತದ್ದು ಇಷ್ಟು. ನಮ್ಮ ಕಡೆ ಬುದ್ಧಿ ಹೇಳುವವರಿಗೇನು ಬರವೇ? ಬಸ್ ಸ್ಟ್ಯಾಂಡಿನಲ್ಲಿ ಸುಮ್ಮನೆ ನಿಂತರೂ ಯಾರಾದರೂ ಹೇಳಿ ಹೋಗುತ್ತಾರೆ. ಕೇಳುವವರೇ ಇಲ್ಲ ಅಂತ ನಾನೂ ನಂಬಿದ್ದೆ. ಈಗಲೂ ಮುಕ್ಕಾಲು ಪಾಲು ನಂಬುತ್ತೇನೆ.

ದಿಬ್ಬೂರಹಳ್ಳಿ ಕಡೆಯಿಂದ ಒಬ್ಬ ಹೆಂಗಸು ಬರುತ್ತಿದ್ದಳು. ರೇಷ್ಮೆ ಹುಳು ಸಾಕುವ ಮನೆಯವಳು. ಗೂಡು ಮಾರಲು ಹೋದ ಗಂಡ ವರ್ಷಗಳಾದರೂ ತಿರುಗಿ ಬಂದಿರಲಿಲ್ಲ. ಈಗ ಮಗಳ ಮದುವೆ ಗೊತ್ತಾಗಿತ್ತು. ಅವನು ಸತ್ತಿದ್ದಾನೆ, ಕುಂಕುಮ ಅಳಿಸು ಅಂತ ಅತ್ತೆ, ಮೈದುನ. ಬದುಕಿದ್ದಾನೆ, ಅಳಿಸಬೇಡ ಅಂತ ತವರಿನವರು. ಮಗಳ ಧಾರೆಗೆ ತಾನು ನಿಲ್ಲಬಹುದೋ ಬಾರದೋ ಎಂಬ ಯೋಚನೆಯಲ್ಲಿ ಆಕೆಗೆ ನಿದ್ದೆಯೇ ಹೋಗಿತ್ತು.

"ಸಮಾಧಾನ ಹೇಳಮ್ಮಾ" ಅನ್ನುತ್ತಿದ್ದಳು ಪ್ರತಿ ಸಲ.

ನಾನು ಹೇಳುತ್ತಿದ್ದೆ. ಕೈ ಹಿಡಿದುಕೊಂಡು, ಇಷ್ಟು ವರ್ಷ ಒಬ್ಬಳೇ ಎಷ್ಟು ಹೊತ್ತಿದ್ದೀಯಮ್ಮ ಅನ್ನುತ್ತಿದ್ದೆ. ನಿನಗೇನನ್ನಿಸುತ್ತೆ ಅಂತ ಕೇಳುತ್ತಿದ್ದೆ. ಆಕೆ ತಲೆಯಾಡಿಸಿ, ಮುಂದಿನ ವಾರ ಬಂದು ಮತ್ತೆ ಅದನ್ನೇ ಕೇಳುತ್ತಿದ್ದಳು. ಇನ್ನೂ ಸಾಲದೇನೋ ಅಂತ ಇನ್ನಷ್ಟು ಸಂತೈಸುತ್ತಿದ್ದೆ.

ಒಂದು ದಿನ ಆಕೆಯ ತಾಳ್ಮೆ ಕೆಟ್ಟಿತು. ನನ್ನ ಮೇಲಿನ ಗೌರವಕ್ಕೆ ಅಷ್ಟು ದಿನ ಕಷ್ಟಪಟ್ಟು ಕನ್ನಡ ಆಡುತ್ತಿದ್ದವಳು ಮನೆಮಾತಿಗೇ ಇಳಿದಳು. "ಅಡಿಗಿನದಾನಿಕಿ ಸಮಾಧಾನಂ ಚೆಪ್ಪಮ್ಮಾ."

ಕೇಳಿದ್ದಕ್ಕೆ ಉತ್ತರ ಹೇಳಮ್ಮಾ. ತೆಲುಗಿನಲ್ಲಿ ಸಮಾಧಾನ ಅಂದರೆ ಉತ್ತರ. ನಮ್ಮಪ್ಪ ಮೈಸೂರು ಕಡೆಯಿಂದ ಚಿಕ್ಕಬಳ್ಳಾಪುರಕ್ಕೆ ಬಂದ ಗುಮಾಸ್ತರು. ಮನೆಯೊಳಗೆ ತೆಲುಗು ಕೂಡದು ಅಂತ ಅವರ ಕಟ್ಟಪ್ಪಣೆ. ಹಾಗಾಗಿ ನನಗೆ ಸಂತೆಯಲ್ಲಿ ಸೊಪ್ಪು ಕೊಳ್ಳುವಷ್ಟು ತೆಲುಗು ಬಂತು, ಒಬ್ಬರ ಜೊತೆ ಕೂತು ಅಳುವಷ್ಟು ಬರಲಿಲ್ಲ.

"ಆಯಪ್ಪ ಇದಾನಾ, ಇಲ್ವಾ? ಓದಿದೋರು, ನೀವು ಹೇಳಿ" ಅಂದಳು, ಮತ್ತೆ ಕನ್ನಡಕ್ಕೆ ಬಂದು.

ಆಕೆ ಕೇಳುತ್ತಿದ್ದದ್ದು ಏನೆಂದು ಗೊತ್ತಾದ ಮೇಲೆ ಇನ್ನೂ ಕಷ್ಟವಾಯಿತು. ಸಂತೈಸುವುದಾದರೂ ನನಗೆ ಬರುತ್ತಿತ್ತು. "ಗೊತ್ತಿಲ್ಲಮ್ಮ" ಅಂದೆ. ಆಕೆ ಬಯ್ಯಲಿಲ್ಲ. ಮದುವೆಗೆ ಬರಬೇಕು ಅಂತ ಕರೆದು ಎದ್ದು ಹೋದಳು.

ಹೋದೆ. ಚಪ್ಪರದಲ್ಲಿ ಧಾರೆಗೆ ನಿಂತಿದ್ದವರು ಮೈದುನ ಮತ್ತು ಅವನ ಹೆಂಡತಿ. ಮದುವಣಗಿತ್ತಿ ಆಗಾಗ ತಲೆ ಎತ್ತಿ ಜನರ ನಡುವೆ ಹುಡುಕುತ್ತಿದ್ದಳು. ತಾಯಿ ಹಿತ್ತಲಿನಲ್ಲಿ ಒಲೆಗಳ ಪಕ್ಕ, ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು ಕೂತಿದ್ದಳು. ಹೋಗಿ ಪಕ್ಕದಲ್ಲಿ ಕೂತೆ. ಆಕೆಯ ಹಣೆ ಕಾಣುತ್ತಿರಲಿಲ್ಲ. ಏನು ನಿರ್ಧರಿಸಿದೆ ಅಂತ ಕೇಳುವ ಧೈರ್ಯ ನನಗಾಗಲಿಲ್ಲ. ಮನೆಮುಂದಿನ ಚಪ್ಪರದಲ್ಲಿ ವಾಲಗ ಜೋರಾಯಿತು, ಆಮೇಲೆ ತಗ್ಗಿತು.

"ತಾಳಿ ಕಟ್ಟಿದ್ರಾಮ್ಮ?" ಅಂದಳು.

"ಕಟ್ಟಿದ್ರು" ಅಂದೆ. ಆಕೆ ಕೇಳಿದ್ದರಲ್ಲಿ ನಾನು ಉತ್ತರ ಹೇಳಿದ್ದು ಅದೊಂದಕ್ಕೇ.