ಹುಲ್ಲು ಕೊಡದ ಭತ್ತ

ಬೈಹುಲ್ಲು ಒಯ್ಯಲು ಬಂದ ನೆರೆಮನೆಯ ಏಲಿಯಮ್ಮ ನಮ್ಮ ಅಂಗಳದ ಪುಟ್ಟ ಹುಲ್ಲುಮೆದೆ ನೋಡಿ ನಿಂತುಬಿಟ್ಟರು. ಇಚಿಲಂಪಾಡಿಯ ನಮ್ಮ ಗದ್ದೆಗೆ ಈ ಸಲ ಹೊಸ ಗಿಡ್ಡ ತಳಿಯ ಭತ್ತ ಹಾಕಿದ್ದೆವು. ಬೆಳೆ ಭರ್ಜರಿ ಬಂತೆಂದು ಊರಿಗೆಲ್ಲ ಹೇಳಿಕೊಂಡಿದ್ದೆ. ಹುಲ್ಲು ಮಾತ್ರ ನಮ್ಮ ದನಗಳಿಗೇ ಸಾಲದಷ್ಟಿತ್ತು. ಪ್ರತಿವರ್ಷ ನಮ್ಮ ಹುಲ್ಲನ್ನೇ ನಂಬಿ ದನ ಸಾಕುವ ಅವರಿಗೆ ಮೊದಲೇ ತಿಳಿಸಬೇಕೆಂದು ನನಗೆ ಹೊಳೆದೇ ಇರಲಿಲ್ಲ.

“ಎಂತ ಮಾಡುದು ಅಕ್ಕ, ನಿಮ್ಗೆ ಬೆಳೆ ಬಂತಲ್ಲ, ಸಂತೋಷ,” ಎಂದು ಅವರು ಬರಿಗೈಯಲ್ಲಿ ಹೋದರು.

ಮುಂದಿನ ವರ್ಷ ಅರ್ಧ ಗದ್ದೆಗೆ ಹಳೆಯ ಎತ್ತರದ ತಳಿಯನ್ನೇ ಹಾಕುತ್ತೇವೆಂದು ಹೇಳಲು ಮರುವಾರ ಅವರ ಮನೆಗೆ ಹೋದೆ. ದನದ ಹಟ್ಟಿ ಖಾಲಿಯಾಗಿತ್ತು. ಮೇವಿಲ್ಲದೆ ದನವನ್ನು ಮಾರಿಬಿಟ್ಟಿದ್ದರು.

“ಕಣ್ಣ ಚಾ ಅಕ್ಕ, ಹಾಲಿಲ್ಲ. ಬೇಜಾರು ಮಾಡ್ಬೇಡಿ,” ಎಂದು ಲೋಟ ಮುಂದಿಟ್ಟರು. ತಲೆಯೆತ್ತಿ ಅವರ ಮುಖ ನೋಡಲು ನನ್ನಿಂದಾಗಲಿಲ್ಲ.