ಹೊಸ್ತಿಲು ದಾಟದ ಬಾಳೆಕಂದು

ಬೆಳಗಿನ ಜಾವ ಐದು ಗಂಟೆ. ಚೆನ್ನೈನ ಕೋಯಂಬೇಡು ಮಾರುಕಟ್ಟೆಯಲ್ಲಿ ಎಳನೀರಿನ ಲಾರಿಯೊಂದರ ಹಿಂಬಾಗಿಲು ಈಗಷ್ಟೇ ತೆರೆದಿದೆ. ಜಲಜಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಇಳಿಯುತ್ತಿರುವ ಕಾಯಿಗಳ ತೊಟ್ಟಿನ ಸುತ್ತ ಟಾರ್ಚ್ ಬಿಡುತ್ತಾರೆ. ಕೆಲವಕ್ಕೆ ಕಂದು ಬಿರುಕು. ಅದು ನುಸಿಯ ಗುರುತು. ಒಂದು ಲಾರಿಗೆ ನೂರು ಕಾಯಿ ನೋಡಿ, ಡ್ರೈವರನ್ನು "ಎಂದ ಊರು?" ಎಂದು ತಮಿಳಿನಲ್ಲಿ ಯಾವೂರೆಂದು ಕೇಳಿ ಬರೆದುಕೊಳ್ಳುತ್ತಾರೆ. ಏಳೂವರೆಯೊಳಗೆ ಹನ್ನೆರಡು ಲಾರಿ ಮುಗಿಯಬೇಕು.

"ಪೂಚ್ಚಿಯಮ್ಮ ಬಂದ್ರಪ್ಪೋ! ಲಾರಿಗೇ ಸೀಕು ಅಂತ ಬರ್ಕೊಂಡು ಹೋಗ್ತಾರೆ, ಉಷಾರು!" ಎಂದು ಹೊಸೂರು ಕಡೆಯ ಹಮಾಲಿ ರಾಮದಾಸ ಕೂಗುತ್ತಾನೆ. ಪೂಚ್ಚಿ ಅಂದರೆ ತಮಿಳಿನಲ್ಲಿ ಹುಳ. ಜಲಜಾ ತಲೆ ಎತ್ತುವುದಿಲ್ಲ. "ನಿನ್ನ ಬೆನ್ನಿನ ಮೇಲೂ ಒಂದಿದೆ, ನೋಡ್ಕೋ" ಅನ್ನುತ್ತಾರೆ. ರಾಮದಾಸ ನಿಜಕ್ಕೂ ಬೆನ್ನು ಕೊಡವಿಕೊಳ್ಳುತ್ತಾನೆ.

ಐವತ್ತೊಂಬತ್ತು ವರ್ಷದ ಜಲಜಾ ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದಾರೆ. ಬೆಳೆಗಳ ಕೀಟ ಮತ್ತು ರೋಗಗಳ ಸಮೀಕ್ಷೆಯನ್ನು ಹೊಂದಿಸಿ ನಡೆಸುವುದು ಅವರ ಕೆಲಸ. ಸೋಮವಾರ ಕಚೇರಿಯಲ್ಲಿ ಕೂತು ನಲವತ್ತೊಂದು ಊರುಗಳಿಗೆ ಫೋನ್ ಮಾಡುತ್ತಾರೆ, ಸಂಜೆ ಎಚ್ಚರಿಕೆಯ ಪತ್ರ ಹೊರಡುತ್ತದೆ. ಮಾರುಕಟ್ಟೆಗೆ ಬರಲು ಯಾವ ಆದೇಶವೂ ಇಲ್ಲ. "ಹೋದ ವಾರ ಈ ಊರಿನ ಲಾರೀಲಿ ನೂರಕ್ಕೆ ಒಂಬತ್ತಿತ್ತು. ಇವತ್ತು ಇಪ್ಪತ್ಮೂರು. ಅಲ್ಲಿಂದ ವರದಿ ಬರಕ್ಕೆ ಹದಿನೈದು ದಿನ ಬೇಕು. ಲಾರಿ ಒಂದೇ ರಾತ್ರೀಲಿ ಬಂದು ಹೇಳ್ಬಿಡುತ್ತೆ" ಅನ್ನುತ್ತಾರೆ. ಮೂವತ್ತೊಂದು ವರ್ಷದ ಸೇವೆಯಲ್ಲಿ ಅವರ ಫೋಟೋ ಎಲ್ಲೂ ಅಚ್ಚಾಗಿಲ್ಲ. ಬಾರದೇ ಹೋದ ರೋಗಕ್ಕೆ ಯಾರೂ ಹಾರ ಹಾಕುವುದಿಲ್ಲ.

ಅಣ್ಣಾ ನಗರದ ಅವರ ಮನೆಯ ಬಾಗಿಲಾಚೆ ಔಷಧಿ ನೀರಿನ ಒಂದು ಬಕೆಟ್ ಇದೆ. ತೋಟ ಸುತ್ತಿ ಬಂದ ಚಪ್ಪಲಿ ಅದರಲ್ಲಿ ಮುಳುಗದೆ ಒಳಗೆ ಬರುವಂತಿಲ್ಲ. ಬೇರೆ ಊರಿನ ಗಿಡ, ಕಡ್ಡಿ, ಮಣ್ಣು ಹೊಸ್ತಿಲು ದಾಟುವಂತಿಲ್ಲ. ಬಾಲ್ಕನಿಯಲ್ಲಿರುವುದು ಬೀಜದಿಂದ ಬೆಳೆಸಿದ ಒಂದು ತುಳಸಿ ಮಾತ್ರ.

"ಊರಿಗೆಲ್ಲಾ ಗಿಡದ ಡಾಕ್ಟ್ರು. ನಮ್ಮನೇಲಿ ಒಗ್ಗರಣೆಗೆ ಕರಿಬೇವು ಕೊಂಡ್ಕೊಂಡೇ ತರ್ಬೇಕು" ಅನ್ನುವವರು ತಾಯಿ ಶಾರದಮ್ಮ. ಎಂಬತ್ನಾಲ್ಕು ದಾಟಿದೆ. ಗಂಡ ತೀರಿಕೊಂಡ ಮೇಲೆ ನಂಜನಗೂಡಿನ ಪಕ್ಕದ ಹಳ್ಳಿಯಿಂದ ಮಗಳ ಮನೆಗೆ ಬಂದವರು. ಅವರಿಗೆ ಬೇಕಿರುವುದು ಒಂದೇ, ತಮ್ಮ ಹಿತ್ತಲಿನ ರಸಬಾಳೆ. ಚೆನ್ನೈ ಅಂಗಡಿಯ ಹಣ್ಣು ಕೊಟ್ಟರೆ ಮೂಸಿ ಪಕ್ಕಕ್ಕಿಡುತ್ತಾರೆ. "ಸಿಪ್ಪೆ ಸುಲಿದ್ರೆ ಪಕ್ಕದ ಮನೇವ್ರು ಬಂದು ಕೇಳ್ಬೇಕು. ಇದ್ರ ವಾಸ್ನೆ ನನ್ನ ಮೂಗಿಗೇ ಬರಲ್ಲ."

ಎರಡು ಸಾವಿರದ ಇಸವಿಯಲ್ಲಿ ಜಲಜಾ ಅವರ ತಮ್ಮ ತಿರುಮಲೇಶ ಅಮ್ಮನ ಆಸೆಗೆಂದು ಊರಿನ ಹಿತ್ತಲಿನಿಂದ ಒಂದು ಬಾಳೆಕಂದು ತಂದ. ಒದ್ದೆ ಗೋಣಿಯಲ್ಲಿ ಸುತ್ತಿ, ರೈಲಿನಲ್ಲಿ ರಾತ್ರಿಯಿಡೀ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ. ಕೆಳಗಿನ ಅಂಗಳದಲ್ಲಿ ನೆಡುವುದೆಂದು ಅಮ್ಮ ಮಗ ಮಾತಾಡಿಕೊಂಡಿದ್ದರು. ಜಲಜಾ ಅವನನ್ನು ಬಾಗಿಲಲ್ಲೇ ನಿಲ್ಲಿಸಿದರು. ಈಳಿಗೆಮಣೆ ತರಿಸಿ ಗೆಡ್ಡೆಯನ್ನು ಅಲ್ಲೇ ಎರಡು ಹೋಳು ಮಾಡಿದರು. ಬಿಳಿಯ ಗೆಡ್ಡೆಯೊಳಗೆ ಕೆಂಪುಗಂದು ಚುಕ್ಕೆಗಳು. ಪನಾಮ ಸೊರಗು ರೋಗ, ಕಂದು ಮತ್ತು ಮಣ್ಣಿನ ಜೊತೆ ಹರಡಿ ಬಾಳೆತೋಟವನ್ನೇ ಒಣಗಿಸುವಂಥದ್ದು.

ಸುಟ್ಟು ಸುಮ್ಮನಿದ್ದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಜಲಜಾ ಮಾರನೆಯ ದಿನ ಊರಿನ ತೋಟಗಾರಿಕೆ ಇಲಾಖೆಗೆ ಫೋನ್ ಮಾಡಿದರು. ಇಲಾಖೆಯವರು ಬಂದು ಹಿತ್ತಲಿನ ಹನ್ನೊಂದು ಬುಡವನ್ನೂ ಕಿತ್ತು ಸುಟ್ಟರು. ತಮ್ಮನಿಂದ ಕಂದು ಪಡೆದಿದ್ದ ಏಳು ಮನೆಗಳ ಪಟ್ಟಿಯನ್ನೂ ಜಲಜಾ ಅಮ್ಮನ ಬಾಯಿಂದಲೇ ಕೇಳಿ ಬರೆದುಕೊಟ್ಟಿದ್ದರು. ಆ ಏಳು ಮನೆಗಳಿಗೂ ಗುದ್ದಲಿ ಹೋಯಿತು. ಹಂಚಿದ ಕೈ ತಿರುಮಲೇಶನದು. ಊರು ಅವನನ್ನೇ ಹೊಣೆ ಮಾಡಿತು, ಅವನು ಅಕ್ಕನ ಜೊತೆ ಮಾತು ಬಿಟ್ಟ.

"ಮುಚ್ಚಿಡಬಹುದಿತ್ತಲ್ಲ ಅಂತಾರೆ. ಬೇರೆಯವ್ರ ತೋಟ ಆಗಿದ್ರೆ ಮುಚ್ಚಿಡ್ತಿದ್ನಾ?" ಎಂದು ಜಲಜಾ ಕೇಳುತ್ತಾರೆ. ಮುಂದಿನ ಲಾರಿಗೆ ಹೋಗುತ್ತಾರೆ.

ಈ ರೋಗದ ಶಿಲೀಂಧ್ರ ಮಣ್ಣಿನಲ್ಲಿ ಮೂವತ್ತು ವರ್ಷವಾದರೂ ಬದುಕಿರಬಲ್ಲದು ಎಂದು ಮಗಳು ಅಂದೇ ಹೇಳಿದ್ದರು. ಶಾರದಮ್ಮ ಅದನ್ನು ಹಿಡಿದುಕೊಂಡಿದ್ದಾರೆ. ಪ್ರತಿ ಯುಗಾದಿಯಂದು ಬೇವು ಬೆಲ್ಲ ಬಾಯಿಗೆ ಹಾಕಿಕೊಂಡು ಲೆಕ್ಕ ಹೇಳುತ್ತಾರೆ. ಈ ಸಲ ಹೇಳಿದ್ದು, "ಇನ್ನು ಇಪ್ಪತ್ನಾಲ್ಕು ವರ್ಷ. ಇರ್ತೀನಿ ಬಿಡು." ಜಲಜಾ ಎದ್ದು ಅಡುಗೆಮನೆಗೆ ಹೋದರು.

ಬರುವ ಜನವರಿಗೆ, ಅಂದರೆ 2007ಕ್ಕೆ, ಜಲಜಾ ನಿವೃತ್ತರಾಗುತ್ತಾರೆ. ಸನ್ಮಾನ ಬೇಡವೆಂದು ಈಗಲೇ ಹೇಳಿಬಿಟ್ಟಿದ್ದಾರೆ. ಬೇಕಿರುವುದು ಊರಿನ ಹಿತ್ತಲಿನಲ್ಲಿ ನಾಲ್ಕಡಿ ಜಾಗ. ಅಲ್ಲಿ ಹಳೆಯ ಮಣ್ಣು ತಾಗದಂತೆ ತಳ ಕಟ್ಟಿದ ಸಿಮೆಂಟ್ ತೊಟ್ಟಿ ಇಟ್ಟು, ಹೊಸ ಮಣ್ಣು ತುಂಬಿ, ಪ್ರಯೋಗಾಲಯದಲ್ಲಿ ಬೆಳೆದ ರೋಗವಿಲ್ಲದ ಒಂದು ರಸಬಾಳೆ ಗಿಡ ನೆಡಬೇಕು. ಹಣ್ಣಿಗೆ ಹದಿನಾಲ್ಕು ತಿಂಗಳು. ಆದರೆ ಹಿತ್ತಲು ತಮ್ಮನದು. ಮೂರು ಕಾಗದ ಬರೆದರು. ಉತ್ತರವಿಲ್ಲ.

ಕಳೆದ ಭಾನುವಾರ ಫೋನ್ ಬಂತು. ಆರು ವರ್ಷದ ಮೇಲೆ ತಿರುಮಲೇಶ ಆಡಿದ್ದು ಇಷ್ಟೇ: "ಬರೋದಾದ್ರೆ ಬಾ ಅಕ್ಕ. ಅಮ್ಮನ್ನೂ ಕರ್ಕೊಂಡ್ ಬಾ. ಚಪ್ಪಲಿ ಮಾತ್ರ ಗೇಟ್ ಆಚೆ ಬಿಟ್ಟು, ಕಾಲು ತೊಳ್ಕೊಂಡು ಒಳಗೆ ಬಾ. ಯಾವ್ಯಾವ ಊರಿನ ಮಣ್ಣು ತುಳ್ಕೊಂಡ್ ಬರ್ತೀಯೋ ಯಾರಿಗ್ಗೊತ್ತು."

ಹನ್ನೆರಡನೆಯ ಲಾರಿ ಮುಗಿದಿದೆ. ಜಲಜಾ ಪುಸ್ತಕ ಚೀಲಕ್ಕೆ ಹಾಕಿ ಬಸ್ಸಿನ ಕಡೆ ಹೊರಡುತ್ತಾರೆ. "ಸಿಟ್ಟಿಗೆ ಅಂದ್ನೋ, ತಿಳ್ಕೊಂಡು ಅಂದ್ನೋ ಗೊತ್ತಿಲ್ಲ. ಅಂದಿದ್ದು ಮಾತ್ರ ಸರಿಯಾಗೇ ಇದೆ."