ಸೊಲಾಂಜ್ ಕುದಿಸಿದ ಅಂಟು

ಫ್ರಾನ್ಸಿನ ಮಾರ್ಸೇಯ್ ಊರಿನಲ್ಲಿ ಮೇಯರ್ ಚುನಾವಣೆ ಬಂತೆಂದು ಸೊಲಾಂಜ್‌ಗೆ ತಿಳಿಯುತ್ತಿದ್ದದ್ದು ಪತ್ರಿಕೆಯಿಂದಲ್ಲ, ಅಡುಗೆಮನೆಯಿಂದ. ಗಂಡ ಅನ್ಸೆಲ್ಮ್ ಒಂದು ಚೀಲ ಮೈದಾ ತಂದು ಒಲೆಯ ಪಕ್ಕ ಇಳಿಸುತ್ತಿದ್ದ. ಟ್ರಾಮ್ ಓಡಿಸಿ ನಿವೃತ್ತನಾದ ಆತ ತನ್ನ ಪಕ್ಷಕ್ಕೆ ಪೋಸ್ಟರ್ ಅಂಟಿಸುವವನು. ಹರೆಯದಲ್ಲಿ ಹಿಡಿದ ಕುಂಚವನ್ನು ಇನ್ನೂ ಬಿಟ್ಟಿರಲಿಲ್ಲ. ಅಂಟು ಕುದಿಸುವ ಕೆಲಸ ಮದುವೆಯಾದ ವರ್ಷವೇ ಇವಳ ಪಾಲಿಗೆ ಬಂದಿತ್ತು. ಹಗಲೆಲ್ಲ ಲಾಂಡ್ರಿಯಲ್ಲಿ ಬೇರೆಯವರ ಹಾಸಿಗೆ ಬಟ್ಟೆ ಒಗೆದು ಬಂದು, ಸಂಜೆ ಒಲೆಯ ಮುಂದೆ ನಿಲ್ಲುತ್ತಿದ್ದಳು.

"ನನ್ನ ಪೋಸ್ಟರ್ ಮಿಸ್ತ್ರಾಲ್ ಗಾಳಿಗೂ ಜಗ್ಗಲ್ಲ ಕಣ್ರೋ" ಎಂದು ಅವನು ಬಾರಿನಲ್ಲಿ ಕೊಚ್ಚಿಕೊಳ್ಳುತ್ತಿದ್ದ. ಗೆಳೆಯರು ಅವನ ಕೈಗುಣ ಹೊಗಳುತ್ತಿದ್ದರು. ಕೈಗುಣವಂತೆ! ಆ ಕೈಗೆ ಹಾಲು ಕಾಯಿಸಲೂ ಬರುತ್ತಿರಲಿಲ್ಲ. ಅಂಟನ್ನು ಹೇಗೆ ಮಾಡುತ್ತೀ ಎಂದು ಅವನು ಹೆಂಡತಿಯನ್ನು ಒಮ್ಮೆಯೂ ಕೇಳಿರಲಿಲ್ಲ. ಯಾರಿಗೆ ಓಟು ಹಾಕುತ್ತೀ ಎಂದೂ ಕೇಳಿರಲಿಲ್ಲ. ಎರಡೂ ತನಗೆ ಗೊತ್ತೇ ಇದೆ ಎಂದುಕೊಂಡಿದ್ದ.

ಈ ಸಲ ಚುನಾವಣೆ ಹತ್ತಿರವಾದಾಗ, ಮೂಲೆಯ ಔಷಧಿ ಅಂಗಡಿಯ ನಜಾತ್ ಅವಳನ್ನು ತಡೆದು ನಿಲ್ಲಿಸಿದಳು. ನಜಾತ್ ಎದುರು ಪಕ್ಷದವಳು. ಪಕ್ಷದ ಅಭ್ಯರ್ಥಿಗಳ ಪಟ್ಟಿಯಲ್ಲಿ ಹೆಣ್ಣಾದ ಮೇಲೆ ಗಂಡು, ಗಂಡಾದ ಮೇಲೆ ಹೆಣ್ಣು ಬರಲೇಬೇಕೆಂಬುದು ಅಲ್ಲಿನ ಕಾನೂನು. ಅವರ ಪಟ್ಟಿಯ ಒಬ್ಬ ಹೆಂಗಸು ಕೊನೆ ಗಳಿಗೆಯಲ್ಲಿ ಹಿಂದೆ ಸರಿದಿದ್ದಳು.

"ಸೊಲಾಂಜಕ್ಕ, ಕೆಳಗಡೆ ಒಂದು ಜಾಗ ಇದೆ. ಗೆಲ್ಲೋ ಜಾಗ ಅಲ್ಲ, ಸುಳ್ಳು ಯಾಕೆ ಹೇಳ್ಲಿ. ನಿಮ್ಮ ಹೆಸರು ಹಾಕ್ಲಾ?"

"ನನ್ನ ಗಂಡ ಯಾರು ಅಂತ ಗೊತ್ತು ತಾನೆ?"

"ಗೊತ್ತು. ನಾನು ಕೇಳ್ತಿರೋದು ನಿಮ್ಮನ್ನ."

ಹಾಗೆ ಅವಳನ್ನೇ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಗುಡ್ಡದ ಮೇಲಿನ ಮನೆಗಳವರೆಗೆ ಬಸ್ಸು ಬರಲಿ ಎಂದು ನಜಾತ್ ಓಡಾಡುತ್ತಿದ್ದುದನ್ನೂ ಅವಳು ನೋಡಿದ್ದಳು. ಹೂಂ ಅಂದುಬಿಟ್ಟಳು.

ಅನ್ಸೆಲ್ಮ್ ಕೆಂಡವಾದ. "ಅವರ ಜೊತೆನಾ? ನಾನಿನ್ನು ಬಾರಲ್ಲಿ ತಲೆ ಎತ್ತೋ ಹಾಗಿಲ್ಲ!"

"ತಗ್ಗಿಸಿಕೊಂಡೇ ಕುಡಿ. ಲೋಟ ಹತ್ತಿರ ಆಗುತ್ತೆ."

ಆಮೇಲೆ ಒಲೆಯ ಪಕ್ಕದ ಚೀಲದ ಕಡೆ ನೋಡಿ ಕೇಳಿದ, "ಅಂಟು?"

"ಕುದಿಸ್ತೀನಿ. ನಿನಗೊಂದು ಪಾತ್ರೆ, ನಮ್ಮವರಿಗೊಂದು ಪಾತ್ರೆ."

'ನಮ್ಮವರು' ಎಂದದ್ದು ಕೇಳಿ ಅವನ ಮುಖ ಹುಳ್ಳಗಾಯಿತು.

ನಜಾತ್ ಕಡೆಯವರು ಪಟ್ಟಿಯವರೆಲ್ಲರ ಚಿತ್ರ ತೆಗೆಸಿ ಪೋಸ್ಟರ್ ಮಾಡಿಸಿದರು. ಎರಡನೇ ಸಾಲಿನಲ್ಲಿ ನೀಲಿ ಶಾಲು ಹೊದ್ದು ಸೊಲಾಂಜ್ ನಿಂತಿದ್ದಳು. ಮುಚ್ಚಿಹೋದ ಸಾಬೂನು ಕಾರ್ಖಾನೆಯ ಗೋಡೆಯ ಮೇಲೆ ಅದನ್ನು ನೋಡಿ ಅವಳಿಗೆ ನಾಚಿಕೆಯಾಯಿತು, ಹಿಗ್ಗೂ ಆಯಿತು. ಮರುದಿನ ಬೆಳಿಗ್ಗೆ ಮೀನು ತರಲು ಹೊರಟವಳು ಬೇಕೆಂದೇ ಆ ದಾರಿ ಹಿಡಿದಳು. ಗೋಡೆಯ ಮೇಲೆ ಅವಳಿರಲಿಲ್ಲ. ಅಲ್ಲಿ ಗಂಡನ ಪಕ್ಷದ ಅಭ್ಯರ್ಥಿ ನಗುತ್ತಿದ್ದ. ಎಲ್ಲೂ ಒಂದು ಸುಕ್ಕಿಲ್ಲ, ಅಂಚುಗಳೆಲ್ಲ ಒತ್ತಿ ಕೂತಿದ್ದವು. ಅದು ಅನ್ಸೆಲ್ಮ್‌ನ ಕೈ ಎನ್ನಲು ಸಾಕ್ಷಿ ಬೇಕಿರಲಿಲ್ಲ. ಎದುರಾಳಿಯ ಪೋಸ್ಟರ್ ಮುಚ್ಚುವುದು ಚುನಾವಣೆಯಲ್ಲಿ ಇದ್ದದ್ದೇ, ಅದು ಅವಳಿಗೂ ಗೊತ್ತು. ಆದರೆ ತನ್ನ ಮುಖ ಮುಚ್ಚಿದ ಅಂಟನ್ನು ತಾನೇ ನಿಂತು ಕುದಿಸಿದ್ದು ನೆನಪಾಯಿತು. ಮೀನು ಕೊಳ್ಳದೆ ಮನೆಗೆ ಬಂದಳು.

ಸಂಜೆ ಅವನು ಖಾಲಿ ಬಕೆಟ್ ತಂದು ಇಟ್ಟ. "ಮುಗೀತು. ನಾಳೆಗೆ ಬೇಕು."

"ಗೋಡೆ ಮೇಲೆ ನನ್ನ ಮುಖ ಕಾಣಿಸ್ಲಿಲ್ವಾ?"

"ಕಾಣಿಸ್ತು." ಅವನು ನೆಲ ನೋಡಿದ. "ಜೊತೆಯವರು ನಗ್ತಿದ್ರು. ಅದಕ್ಕೇ ನಾನೇ ಮೊದಲು ಕುಂಚ ಎತ್ತಿದೆ."

"ಹಾಗಾದ್ರೆ ಅಂಟೂ ನೀನೇ ಕುದಿಸ್ಕೋ."

ಕುದಿಯುವ ನೀರಿಗೆ ಅವನು ಹಿಟ್ಟನ್ನು ಹಾಗೇ ಸುರಿದ. ಅದು ಗಂಟುಗಂಟಾಯಿತು. ಬೀನ್ಸ್ ಬಿಡಿಸುತ್ತ ಕುಳಿತ ಸೊಲಾಂಜ್‌ಗೆ ಎದ್ದು ಹೋಗಿ ಸೌಟು ಕಿತ್ತುಕೊಳ್ಳಬೇಕೆನಿಸಿತು. ಕೂತೇ ಇದ್ದಳು. ಹಾಗೆ ಕೂತಿರುವುದು ಎಷ್ಟು ಕಷ್ಟವೆಂದು ಅವಳಿಗೆ ಅಂದೇ ತಿಳಿದದ್ದು.

ಅಷ್ಟರಲ್ಲಿ ನಜಾತ್ ಕಡೆಯವರು ಅದೇ ಗೋಡೆಯ ಮೇಲೆ ಮತ್ತೆ ಹೊಸ ಪೋಸ್ಟರ್ ಹಚ್ಚಿದ್ದರು, ಸೊಲಾಂಜ್ ಕೊಟ್ಟ ಅಂಟಿನಲ್ಲಿ. ಬೆಳಗಾಗುತ್ತಲೇ ಅನ್ಸೆಲ್ಮ್ ತನ್ನ ಗಂಟು ಅಂಟು ಬಳಿದು ಅದನ್ನೂ ಮುಚ್ಚಿ ಬಂದ. ಮಧ್ಯಾಹ್ನಕ್ಕೆ ಮಿಸ್ತ್ರಾಲ್ ಎದ್ದಿತು. ಕಿಟಕಿ ಬಾಗಿಲುಗಳೆಲ್ಲ ಬಡಿದುಕೊಂಡವು.

ಹೊರಗೆ ಹೋಗಿದ್ದವನು ಕೂದಲು ಕೆದರಿಕೊಂಡು ಬಂದು ಕುರ್ಚಿಯಲ್ಲಿ ಕುಸಿದ. "ಬೆಳಿಗ್ಗೆ ಹಚ್ಚಿದ್ದೆಲ್ಲ ಕಿತ್ಕೊಂಡು ಬೀದಿ ತುಂಬಾ ಹಾರಾಡ್ತಿದೆ. ಗೋಡೆ ಮೇಲೆ ಈಗ ನೀನೇ ಇದ್ದೀಯ."

"ನಾನೊಬ್ಬಳೇ ಅಲ್ಲ. ಇಡೀ ನಮ್ಮ ಪಟ್ಟಿನೇ ಇದೆ."

ಅವನು ಎದ್ದು ಮೈದಾ ಚೀಲವನ್ನು ಹತ್ತಿರ ಎಳೆದುಕೊಂಡ.

"ಅದು ಹೇಗೆ ಮಾಡ್ತೀಯ ನೀನು?"

ಸೊಲಾಂಜ್‌ಗೆ ಈ ಮಾತು ಎಷ್ಟೋ ವರ್ಷ ಮೊದಲೇ ಬರಬೇಕಿತ್ತು ಎಂಬ ಸಿಟ್ಟೂ, ಕೊನೆಗಾದರೂ ಬಂತಲ್ಲ ಎಂಬ ಸಮಾಧಾನವೂ ಒಟ್ಟಿಗೇ ಉಕ್ಕಿದವು. ಎದ್ದು ಒಲೆಯ ಬಳಿ ಬಂದಳು. ಸೌಟನ್ನು ಮಾತ್ರ ಅವನ ಕೈಯಲ್ಲೇ ಬಿಟ್ಟಳು.

"ಮೊದ್ಲು ತಣ್ಣೀರಲ್ಲಿ ಕಲಸಬೇಕು. ಆಮೇಲೆ ಕುದಿಯೋ ನೀರಿಗೆ ನಿಧಾನಕ್ಕೆ ಬಿಡ್ಬೇಕು. ಒಂದು ಚಮಚ ಸಕ್ಕರೆ."

"ಸಕ್ಕರೆನಾ?"

"ಹೂಂ. ಇನ್ನೂ ಒಂದು ವಿಷಯ ನೀನು ಕೇಳೇ ಇಲ್ಲ. ಇಷ್ಟು ವರ್ಷ ನಾನು ಯಾರಿಗೆ ಓಟು ಹಾಕಿದೆ ಅಂತ."

ಸೌಟು ನಿಂತಿತು. ಅವನು ಅವಳ ಮುಖವನ್ನೇ ನೋಡುತ್ತ, ಮೆಲ್ಲಗೆ ಕೇಳಿದ, "ಯಾರಿಗೆ?"

"ತಿರುವ್ತಾ ಇರು, ತಳ ಹಿಡಿಯುತ್ತೆ" ಎಂದು ಹೇಳಿ ಸೊಲಾಂಜ್ ಕುರ್ಚಿ ಎಳೆದುಕೊಂಡು ಕುಳಿತಳು. ಮೊದಲ ಚುನಾವಣೆಯಿಂದಲೇ ಹೇಳಲು ಶುರುಮಾಡಿದಳು.